ಗೊತ್ತಿಲ್ಲ ಅನ್ನೋ ಕಾಲಂ

12 ಜನವರಿ 2025, ಭಾನುವಾರ
ವಾಯ್ಸ್ ನೋಟ್, ಚನ್ನರಾಯಪಟ್ಟಣ ಬಸ್‌ಸ್ಟ್ಯಾಂಡಿಂದ

...ಅಲ್ಲ, ಇಂಗಲ್ಲ ಹೇಳ್ಬೇಕಿದ್ದು. ತಡಿ, ಮತ್ತೆ ಮೊದ್ಲಿಂದ ಶುರು ಮಾಡ್ತೀನಿ, ಬೇಜಾರ್ ಮಾಡ್ಕಬ್ಯಾಡ ಕಣವ್ವ. ಆಗ್ಲೇ ಒಂದ್ಸಲ ಮಾತಾಡಿ ಕಳಿಸೋ ಹೊತ್ಗೆ ನಮ್ಮ ಡ್ರೈವರ್ ಪರಮಶಿವಯ್ಯ ಹಾರನ್ ಹೊಡ್ದ. ಇನ್ನೊಂದ್ಸಲ ಶುರು ಮಾಡಿದ್ರೆ ಯಾರೋ ಅಜ್ಜ ಬಂದು ಬೆಳಗೊಳದ ಬಸ್ ಯಾವ್ದು ಅಂದ. ತೋರಿಸ್ಬುಟ್ಟು ಬರೋದ್ರೊಳಗೆ ನಾ ಏನ್ ಹೇಳ್ತಿದ್ದೆ ಅನ್ನೋದೇ ಮರ್ತೋಯ್ತು. ನಾನು ಕಣ ಸ್ಪಂದು, ಶಾಂತಿಗ್ರಾಮದ ನಟರಾಜ ಮಾವ. ಹೊಸ ನಂಬರು, ಸೇವ್ ಮಾಡ್ಕೊ. ನಿಮ್ಮವ್ವನ ಕೈಲಿ ನಿನ್ ನಂಬರ್ ಈಸ್ಕಂಡೆ.

ವಿಷ್ಯ ಏನಪ್ಪಾ ಅಂದ್ರೆ, ನಾನು ಎಂ.ಎ. ಕಟ್ಟಿರೋದು ಗೊತ್ತಲ್ಲ ನಿಂಗೆ. ಮನೇಲೇ ಓದ್ಕಂಡು ಪರೀಕ್ಷೆ ಬರೆಯೋದು, ಸಮಾಜಶಾಸ್ತ್ರ. ಐವತ್ತು ವರ್ಷಕ್ಕೆ ಕಂಡಕ್ಟರ್‌ಗೆ ಎಂ.ಎ. ಯಾಕ್ಲಾ ಅಂತ ಡಿಪೋಲಿ ಎಲ್ರೂ ಆಡ್ಕತಾರೆ. ಪರಮಶಿವಯ್ಯ ಅಂತೂ, "ಏನಯ್ಯಾ, ಎಂ.ಎ. ಆದ್ಮೇಲೆ ರೈಟ್ ರೈಟ್ ಅನ್ನೋದನ್ನ ಸಂಸ್ಕೃತದಲ್ಲಿ ಅಂತೀಯಾ" ಅಂತಾನೆ. ಅನ್ಲಿ ಬುಡು. ದಿನಾ ಕಾಲೇಜ್ ಮಕ್ಳನ್ನ ತುಂಬ್ಕಂಡು ಓಗಿ ಇಳಿಸಿ ಬತ್ತೀನಿ, ಒಂದಿನ ನಾನೂ ಅವ್ರ ಜೊತೆ ಇಳಿಯಾಣ ಅನ್ನಿಸ್ತು, ಅಷ್ಟೆಯ.

ಈಗ ಕೊನೇ ವರ್ಷ. ಒಂದು ಸಂಶೋಧನೆ ಮಾಡಿ ಬರ್ದು ಕೊಡ್ಬೇಕಂತೆ. ನಾನು "ಬಸ್ಸು ಮತ್ತು ಸಮಾಜ" ಅಂತ ಬರ್ಕೊಂಡು ಓದ್ರೆ ಗೈಡ್ ಮೇಡಂ ನಕ್ಬುಟ್ರು. "ಇದು ವಿಷಯ ಕಣ್ರೀ ನಟರಾಜ್, ಪ್ರಶ್ನೆ ಎಲ್ಲಿ? ಪ್ರಾಕ್ಕಲ್ಪನೆ ಎಲ್ಲಿ?" ಅಂದ್ರು. ಆ ಪದ ನನ್ ಬಾಯಲ್ಲಿ ತಿರುಗ್ತಾನೇ ಇಲ್ಲ. ಪ್ರಾಕ್... ಪ್ರಾಕ್ಕಲ್... ನೀನು ಮೈಸೂರಲ್ಲಿ ಪಿಎಚ್‌ಡಿ ಮಾಡ್ತಾ ಇರೋಳು, ಒಸಿ ಬುಡಿಸಿ ಹೇಳವ್ವ ಇವ್ಕೆಲ್ಲ ಏನರ್ಥ ಅಂತ.

ಆಮೇಲೆ ಇನ್ನೊಂದು. ಅರಕಲಗೂಡಿನ ಗುಂಡಯ್ಯನವ್ರು ಮತ್ತೆ ಹೇಳಿ ಕಳ್ಸವ್ರೆ. ಅವ್ರ ಮಗ ಅನಿಲ್‌ಕುಮಾರ ದಸರಾದಲ್ಲಿ ಬಂದು ನಿನ್ನ ನೋಡ್ಕಂಡು ಓದ್ನಲ್ಲ, ಪಶು ಆಸ್ಪತ್ರೆ ಡಾಕ್ಟ್ರು. ನಾನೇ ತಂದಿದ್ದ ಸಂಬಂಧ ಕಣ ಅದು. ಹುಡುಗ ಒಳ್ಳೇವ್ನು. ದನ ಮುಟ್ಟೋ ಕೈಲಿ ಸಿಟ್ಟಿರಲ್ಲ ಅಂತಿದ್ದ ನಮ್ಮಪ್ಪ. ನೀನೇನಂತೀಯಾ? ಹೂಂ ಅಂತೀಯಾ ಉಹೂಂ ಅಂತೀಯಾ? ಹೇಳು. ಮೊದ್ಲು ಪ್ರಾಕ್ಕಲ್ಪನೆ ಹೇಳು, ಮೇಡಂ ಕಾಯ್ತಾವ್ರೆ.


13 ಜನವರಿ 2025
ಸ್ಪಂದನಾಳ ಮೆಸೇಜು, ಮೈಸೂರಿಂದ

ಮಾವ, ನಿಮ್ಮ ದನಿ ಕೇಳಿ ಖುಷಿಯಾಯ್ತು. ಲೈಬ್ರರಿಲಿ ಇರ್ತೀನಿ, ಅದಕ್ಕೆ ಟೈಪ್ ಮಾಡ್ತಿದೀನಿ.

ವಿಷಯ ಅಂದ್ರೆ ಬಸ್‌ಸ್ಟ್ಯಾಂಡ್ ಇದ್ದ ಹಾಗೆ. ಪ್ರಶ್ನೆ ಅಂದ್ರೆ ನೀವು ಹತ್ತೋ ಬಸ್ಸು. ಸ್ಟ್ಯಾಂಡಲ್ಲಿ ಎಷ್ಟೊತ್ತು ನಿಂತ್ರೂ ಎಲ್ಲಿಗೂ ಹೋಗಲ್ಲ. ದಿನಾ ನೋಡಿ ನೋಡಿ ನಿಮಗೇ ಯಾವುದೋ ಒಂದು ಅನುಮಾನ ಬಂದಿರುತ್ತಲ್ಲ, ಅದೇ ಪ್ರಶ್ನೆ.

ಪ್ರಾಕ್ಕಲ್ಪನೆ ಅಂದ್ರೆ ಆ ಪ್ರಶ್ನೆಗೆ ನೀವು ಮೊದಲೇ ಊಹಿಸಿರೋ ಉತ್ತರ. ಆದ್ರೆ ಒಂದು ಷರತ್ತು. ಅದು ಸುಳ್ಳಾಗೋಕೂ ದಾರಿ ಬಿಟ್ಟಿರಬೇಕು. ಸುಳ್ಳಾಗಬಾರದು ಅಂತ ಹಠ ಹಿಡಿದ್ರೆ ಅದು ನಂಬಿಕೆ ಆಗತ್ತೆ, ಪ್ರಾಕ್ಕಲ್ಪನೆ ಆಗಲ್ಲ.

ಅತ್ತೆಗೆ ಕೇಳಿದೆ ಅಂತ ಹೇಳಿ.


19 ಜನವರಿ 2025, ಭಾನುವಾರ
ವಾಯ್ಸ್ ನೋಟ್, ಶಾಂತಿಗ್ರಾಮ

ಸ್ಪಂದು, ಪ್ರಶ್ನೆ ಸಿಕ್ತು ಕಣ. ಕೇಳು.

ಹೆಂಗಸ್ರಿಗೆ ಟಿಕೆಟ್ ಫ್ರೀ ಆದ್ಮೇಲೆ ಬಸ್ಸು ಎಂಗೆ ತುಂಬ್ತದೆ ಅಂತ ನೀನೇ ನೋಡಿದೀಯಲ್ಲ. ಎಲ್ರೂ ಏನಂತಾರೆ? "ಈಗ ಹೆಂಗಸ್ರು ಕೇಳೋರಿಲ್ಲ, ಮನ್ಸು ಬಂದ ಕಡೆ ಓಯ್ತಾರೆ" ಅಂತ. ನಂಗೊಂದು ಅನುಮಾನ. ಕಾಸು ಕೊಡೋದು ತಪ್ತು ಸರಿ, ಎಲ್ಲಿಗೆ ಓಗ್ಬೇಕು ಅನ್ನೋ ತೀರ್ಮಾನ ಅವ್ರದೇ ಆಯ್ತಾ? ಇದೇ ಪ್ರಶ್ನೆ. ನನ್ನ ಪ್ರಾಕ್ಕಲ್ಪನೆ, ನೋಡು ಬಾಯಿ ತಿರುಗ್ತು, ಹೌದು, ಅವ್ರದೇ ಆಗೈತೆ ಅಂತ. ಮೇಡಂ ಖುಷಿ ಆಗ್ಬುಟ್ರು. "ಈಗ ಮಾದರಿ ಆಯ್ಕೆ ಮಾಡ್ಕೊಳ್ಳಿ" ಅಂದ್ರು.

ಅದನ್ನೂ ಮಾಡಿ ಮುಗಿಸ್ಬುಟ್ಟೆ. ನಮ್ಮೂರಲ್ಲಿ ಮಾದರಿ ಅನ್ನಿಸ್ಕಂಡಿರೋ ಹೆಂಗಸ್ರು ಯಾರ್ಯಾರು ಅಂತ ವಿಚಾರ್ಸಿ ಎಲ್ರನ್ನೂ ಆರಿಸ್ದೆ. ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ, ರಿಟೈರ್ಡ್ ಹೆಡ್ಮೇಡಂ, ಡೈರಿಗೆ ಎಲ್ರಿಗಿಂತ ಜಾಸ್ತಿ ಹಾಲು ಹಾಕೋರು, ಆಮೇಲೆ ನಿಮ್ಮತ್ತೇನೂ ಸೇರಿಸ್ದೆ, ಅವ್ಳೇನ್ ಕಮ್ಮಿ. ಪರಮಶಿವಯ್ಯ ಕೇಳ್ಬುಟ್ಟು, "ಲೇ, ಇದು ಸಂಶೋಧನೆಯೋ ರಾಜ್ಯೋತ್ಸವ ಪ್ರಶಸ್ತಿಯೋ" ಅಂದ. ಅವ್ನಿಗೇನ್ ಗೊತ್ತು.

ನಿಮ್ಮಪ್ಪ ನೆನ್ನೆ ಸಂತೇಲಿ ಸಿಕ್ಕಿದ್ದ. "ಏನಂದ್ಲು ನಟರಾಜ, ನಿನ್ ಹತ್ರಾನಾದ್ರೂ ಬಾಯಿ ಬುಟ್ಲಾ?" ಅಂದ. ನಾ ಅಂದೆ, "ಭಾವ, ನಾನು ಕೇಳ್ದೆ. ಮಗು ಬ್ಯಾಡ ಅನ್ಲಿಲ್ಲ. ಪಾಠದ ವಿಷ್ಯ ಮಾತ್ರ ಬರ್ದು ಸುಮ್ಕಾದ್ಲು. ನಾಚ್ಕೆ. ಒಪ್ಕಂಡಂಗೇಯ" ಅಂದೆ. ಪಾಪ, ನಿಮ್ಮಪ್ಪನ ಮುಖ ಒಂದು ಗಳಿಗೇಲಿ ಅರಳ್ಕಂತು. ಅರಕಲಗೂಡಿಗೆ ಫೋನ್ ಮಾಡ್ತೀನಿ ಅಂತ ಅಲ್ಲೇ ಹೊರಟ್ನಪ್ಪ.

ಸರಿ, ಮಾದರಿ ಆಯ್ತು. ಮುಂದೇನು ಹೇಳು.


20 ಜನವರಿ 2025
ಸ್ಪಂದನಾಳ ಮೆಸೇಜು

ಮಾವ, ಪರಮಶಿವಯ್ಯನವರು ಹೇಳಿದ್ದೇ ಸರಿ. 😄 ಇಲ್ಲಿ ಮಾದರಿ ಅಂದ್ರೆ ಆದರ್ಶ ಅಲ್ಲ. ಅನ್ನ ಬೆಂದಿದೆಯಾ ನೋಡೋಕೆ ಅಗುಳು ಹಿಸುಕ್ತೀವಲ್ಲ, ಆ ಅಗುಳು. ಒಳ್ಳೇ ಅಗುಳು ಹುಡುಕಿ ಹಿಸುಕಬಾರದು. ನೀವು ಮೆಚ್ಚಿದೋರನ್ನೇ ಆರಿಸಿದ್ರೆ ನೀವು ಮೆಚ್ಚೋ ಉತ್ತರವೇ ಬರತ್ತೆ. ಅದನ್ನ ಪೂರ್ವಗ್ರಹ ಅಂತೀವಿ. ರಜೆ ದಿನ ಬಸ್‌ಸ್ಟ್ಯಾಂಡಲ್ಲಿ ಕೂತು, ಬಸ್ಸಿಂದ ಇಳಿಯೋ ಪ್ರತಿ ಐದನೇ ಹೆಂಗಸನ್ನ ಕೇಳಿ. ಯಾರಾದ್ರೂ ಸರಿ. ಅತ್ತೇನ ಬಿಟ್ಬಿಡಿ.

ಕೇಳೋ ಮುಂಚೆ ಒಪ್ಪಿಗೆ ತಗೋಬೇಕು. ಈ ಮಾತುಗಳನ್ನ ಪ್ರಶ್ನಾವಳಿ ಮೇಲೆ ಹಾಕಿಸಿ, ಓದಿ ಹೇಳಿ: "ಇದು ಯಾತಕ್ಕೆ ಅಂತ ನಿಮಗೆ ಪೂರ್ತಿ ಹೇಳಿದೀನಿ. ನೀವು ಬೇಡ ಅನ್ನಬಹುದು. ಮಧ್ಯದಲ್ಲಿ ಯಾವಾಗ ಬೇಕಾದ್ರೂ ಎದ್ದು ಹೋಗಬಹುದು. ಕಾರಣ ಹೇಳಬೇಕಾಗಿಲ್ಲ. ಇದರಿಂದ ನಿಮಗೆ ಏನೂ ತೊಂದರೆ ಆಗಲ್ಲ." ಅವರ ಹೆಸರು ಯಾರ ಹತ್ರಾನೂ ಹೇಳಬಾರದು, ನನ್ನ ಹತ್ರಾನೂ.

ಪ್ರತಿ ಪ್ರಶ್ನೆಗೆ ಮೂರು ಕಾಲಂ ಇಡಿ. ಹೌದು, ಇಲ್ಲ, ಗೊತ್ತಿಲ್ಲ.

ಮನೆ ವಿಷಯ ಆಮೇಲೆ ಮಾತಾಡೋಣ ಮಾವ.


2 ಫೆಬ್ರವರಿ 2025, ಭಾನುವಾರ
ವಾಯ್ಸ್ ನೋಟ್, ಹೊಳೆನರಸೀಪುರ ಬಸ್‌ಸ್ಟ್ಯಾಂಡ್

ಇಲ್ಲಿ ಕಲ್ಲು ಬೆಂಚಿನ ಮೇಲೆ ಕೂತಿವ್ನಿ. ಯೂನಿಫಾರಂ ಹಾಕಿಲ್ಲ, ಆದ್ರೂ ಎಲ್ರೂ ಬಂದು ಬಸ್ ಎಷ್ಟೊತ್ಗೆ ಅಂತ ನನ್ನೇ ಕೇಳ್ತಾರೆ. ಮುಖದ ಮೇಲೇ ಬರ್ದೈತೋ ಏನೋ.

ಸ್ಪಂದು, ಈ ಸಂಶೋಧನೆ ಸುಲ್ಭ ಅಲ್ಲ ಕಣ. ಇಷ್ಟು ವರ್ಷ ಹೆಂಗಸ್ರನ್ನ "ಎಲ್ಲಿಗಮ್ಮಾ, ಆಧಾರ್ ತೋರ್ಸಮ್ಮಾ, ಒಳಗೋಗಮ್ಮಾ" ಅಂದಿವ್ನಿ. "ನಿಮ್ಮ ಒಪ್ಪಿಗೆ ಐತೇನಮ್ಮಾ" ಅಂತ ಇದೇ ಮೊದ್ಲು ಕೇಳ್ತಿರೋದು. ಒಬ್ಬಮ್ಮ, ಹೆಸ್ರು ಹೇಳಂಗಿಲ್ಲ, ನಾನು ಒಪ್ಪಿಗೆ ಮಾತು ಓದ್ತಾ ಓದ್ತಾ "ಮಧ್ಯದಲ್ಲಿ ಯಾವಾಗ ಬೇಕಾದ್ರೂ ಎದ್ದು ಓಗ್ಬೌದು" ಅಂದೆ ನೋಡು, "ಅಂಗಾರೆ ನಾ ಬತ್ತೀನಿ ಕಣಪ್ಪ, ಬಸ್ ಬಂತು" ಅಂತ ಎದ್ದೇ ಓದ್ಲು. ಹಕ್ಕು ಚಲಾಯಿಸ್ಬುಟ್ಲು. ಇನ್ನೊಬ್ಳು, "ಓಟಿಗೆ ಬಂದಿದೀಯಾ" ಅಂದ್ಲು. ಮತ್ತೊಬ್ಳು ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಕೊನೇಲಿ ಕಡ್ಲೆಕಾಯಿ ಬಿಡಿಸಿ ಕೊಟ್ಟು ಓದ್ಲು. ಅದ್ಯಾವ ಕಾಲಂಗೆ ಬತ್ತದೋ.

ಒಂದು ವಿಚಿತ್ರ ಏನಂದ್ರೆ, ನಾಲ್ಕ್ನೇ ಪ್ರಶ್ನೆ. "ಎಲ್ಲಿಗೆ ಹೋಗಬೇಕು ಅನ್ನುವುದನ್ನು ನೀವೇ ತೀರ್ಮಾನಿಸುತ್ತೀರಾ?" ಅಲ್ಲಿಗೆ ಬರೋವರ್ಗೂ ಗಳಗಳ ಅಂತ ಮಾತಾಡೋರು, ಅಲ್ಲಿ ಬಂದೇಟ್ಗೆ ಸೆರಗು ಸರಿ ಮಾಡ್ಕತಾರೆ, ಬಸ್ ಬತ್ತದಾ ಅಂತ ನೋಡ್ತಾರೆ. ಸುಮಾರು ಜನ ಏನೂ ಹೇಳ್ದೆ ಬುಟ್ಬುಟ್ರು. ಇರ್ಲಿ.

ಈಗ ಸಿಹಿ ಸುದ್ದಿ. ಗುಂಡಯ್ಯನವ್ರು ಇಪ್ಪತ್ಮೂರಕ್ಕೆ ಬತ್ತಾರೆ, ಭಾನುವಾರ, ಹರದನಹಳ್ಳಿಗೆ, ನಿಮ್ಮನೇಗೆ. ಒಪ್ಪಿಗೆ ಎಲೆ ಅಡಿಕೆ ಹಿಡಿಯೋದು. ನೀನು "ಆಮೇಲೆ ಮಾತಾಡೋಣ" ಅಂದಾಗ್ಲೇ ನಂಗೆ ಗೊತ್ತಾಯ್ತು ಬುಡು, ಮನ್ಸಲ್ಲಿ ಇಲ್ದಿದ್ರೆ ಆಗ್ಲೇ ಬ್ಯಾಡ ಅಂತಿದ್ದೆ. ನಿಮ್ಮಪ್ಪ ಎಷ್ಟು ಮಾತಾಡಿದ್ರೂ ಸೋದರಮಾವ ಆ ಎಲೆ ಅಡಿಕೆ ತಟ್ಟೆ ಎತ್ತಿ ಕೊಡೋವರ್ಗೂ ಅದು ಮಾತಲ್ಲ, ಕೊಟ್ಮೇಲೆ ವಾಪಸ್ ಇಲ್ಲ. ನಮ್ ಕಡೆ ಪದ್ಧತಿ ಗೊತ್ತಲ್ಲ. ನಿಮ್ಮವ್ವನ ಮದ್ವೇಲಿ ನಮ್ ಮಾವ ಎತ್ತಿ ಕೊಟ್ಟಿದ್ದ. ಈಗ ನಂದು ಸರದಿ. ನೀನು ಬರೋದೇನೂ ಬ್ಯಾಡ, ಅವತ್ತಿಂದು ದೊಡ್ಡೋರ ಮಾತು. ಮದ್ವೆ ವೈಶಾಖಕ್ಕೆ ಅಂತಾವ್ರೆ. ಉಳ್ದ ಓದು ಅರಕಲಗೂಡಲ್ಲಿ ಕೂತ್ಕಂಡೇ ಬರೀಬೌದಂತೆ, ಮನೆ ದೊಡ್ದೈತೆ, ಕರೆಂಟೂ ಓಗಲ್ಲ.

ಒಂದ್ ಮಾತು ಬರಿ.


9 ಫೆಬ್ರವರಿ 2025, ಭಾನುವಾರ
ವಾಯ್ಸ್ ನೋಟ್, ಹಾಸನ

ಏನವ್ವ, ಮಾತೇ ಇಲ್ಲ? ನೀಲಿ ಗುರುತು ಬಂದೈತೆ, ಕೇಳ್ಸ್ಕಂಡಿದೀಯ. ಆವತ್ತು ಸಾಯಂಕಾಲ ಟೈಪಿಂಗ್ ಅಂತ ಬಂತು, ನಿಂತೋಯ್ತು, ಮತ್ತೆ ಬಂತು, ಮತ್ತೆ ನಿಂತೋಯ್ತು. ನಿಮ್ ಹಾಸ್ಟೆಲಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅಂತ ಕಾಣ್ತದೆ. ನಿಮ್ಮವ್ವನೂ "ಅವ್ಳು ಫೋನಲ್ಲಿ ಊಟ ಆಯ್ತಾ, ದನ ಎಂಗವೆ, ಇಷ್ಟೇಯ ಕೇಳೋದು" ಅಂದ್ಲು. ಓದಿನ ಬಿಸಿ, ಇರ್ತದೆ.

ನನ್ ಕೆಲ್ಸ ಮುಗೀತು. ಎಲ್ಲಾ ಲೆಕ್ಕ ಆಕಿ ಕೋಷ್ಟಕ ಮಾಡಿವ್ನಿ, ಫೋಟೋ ಕಳಿಸಿದೀನಿ ನೋಡು. ನಂಗೇ ನಂಬಕ್ಕಾಗ್ಲಿಲ್ಲ, ನನ್ ಪ್ರಾಕ್ಕಲ್ಪನೆ ನಿಜ ಆಗೋಯ್ತು ಕಣ. ಮುಕ್ಕಾಲು ಪಾಲು ಹೆಂಗಸ್ರು, ಎಲ್ಲಿಗೆ ಓಗೋದು ಅನ್ನೋ ತೀರ್ಮಾನ ನಮ್ದೇ ಅಂತ ಹೇಳವ್ರೆ. ಮುಕ್ಕಾಲು ಪಾಲು. ಪರಮಶಿವಯ್ಯನಿಗೆ ತೋರಿಸ್ದೆ. "ನಮ್ಮನೇಲಂತೂ ಪೂರ್ತಿ ಪಾಲು, ನಾ ಎಲ್ಲಿಗೋಗ್ಬೇಕು ಅನ್ನೋದನ್ನೂ ಅವ್ಳೇ ಹೇಳೋದು" ಅಂದ. ಅದನ್ನೂ ಬರ್ಕಳ್ಳಾ? ಆಧಾರ: ಪರಮಶಿವಯ್ಯ, ಡ್ರೈವರ್ ಸೀಟು.

ನೋಡಿ ಹೇಳು. ಮೇಡಂಗೆ ಕೊಡೋ ಮುಂಚೆ ನಿನ್ ಕಣ್ಣಿಗೊಂದ್ಸಲ ಬೀಳ್ಲಿ ಅಂತ.


10 ಫೆಬ್ರವರಿ 2025
ಸ್ಪಂದನಾಳ ಮೆಸೇಜು

ಮಾವ, ಕೋಷ್ಟಕ ನೋಡಿದೆ. ಎರಡು ಪ್ರಶ್ನೆ.

ಮೂರು ಕಾಲಂ ಇಡಿ ಅಂದಿದ್ದೆ. ಇದರಲ್ಲಿ ಎರಡೇ ಇದೆ. "ಗೊತ್ತಿಲ್ಲ" ಎಲ್ಲಿ ಹೋಯ್ತು?

ನಾಲ್ಕನೇ ಪ್ರಶ್ನೆಗೆ ಸುಮಾರು ಜನ ಏನೂ ಹೇಳದೆ ಬಿಟ್ಟರು ಅಂತ ನೀವೇ ಹೇಳಿದ್ರಿ. ಆ ಖಾಲಿ ಉತ್ತರಗಳನ್ನ ಎಲ್ಲಿ ಎಣಿಸಿದೀರಿ?


11 ಫೆಬ್ರವರಿ 2025
ವಾಯ್ಸ್ ನೋಟ್, ಬಸ್ಸಿನಲ್ಲಿ, ಚನ್ನರಾಯಪಟ್ಟಣದಲ್ಲಿ ನಿಂತಾಗ

ನೀನು ಎಂ.ಎ. ಮೇಡಂಗಿಂತ ಜೋರು ಕಣವ್ವ.

ಗೊತ್ತಿಲ್ಲ ಅನ್ನೋ ಕಾಲಂ ಏನಾಯ್ತಪ್ಪಾ ಅಂದ್ರೆ, ಜೆರಾಕ್ಸ್ ಅಂಗಡಿ ಹುಡ್ಗಿ ಟೈಪ್ ಮಾಡಿದ್ಲು, ಅದು ಸೇರಿಸಿದ್ರೆ ಪಕ್ಕಕ್ಕೆ ಓಗಿ ಎರಡನೇ ಹಾಳೆಗೆ ಬಿತ್ತು. "ಅಂಕಲ್, ಇದೊಂದು ತೆಗೆದ್ರೆ ಒಂದೇ ಹಾಳೇಲಿ ಮುಗೀತದೆ" ಅಂದ್ಲು. ನಂಗೂ ಅನ್ನಿಸ್ತು, ಗೊತ್ತಿಲ್ಲ ಅನ್ನೋದು ಎಂಥಾ ಉತ್ತರ? ಬಸ್ಸು ಹಾಸನಕ್ಕೆ ಎಷ್ಟೊತ್ಗೆ ಓಯ್ತದೆ ಅಂತ ಕೇಳಿದೋರಿಗೆ ನಾನು ಗೊತ್ತಿಲ್ಲ ಅಂದ್ರೆ ಸುಮ್ಕಿರ್ತಾರಾ? ತೆಗ್ಸಾಕ್ದೆ.

ಖಾಲಿ ಬುಟ್ಟೋರನ್ನ ಹೌದು ಅನ್ನೋದಕ್ಕೇ ಸೇರಿಸ್ದೆ. ಇನ್ನೆಲ್ಲಿಗೆ ಸೇರ್ಸಾನ? ಮೌನಂ ಸಮ್ಮತಿ ಅಂತ ಹಿರೀಕ್ರು ಹೇಳಿಲ್ವಾ? ಇಲ್ಲ ಅನ್ನೋ ಮನ್ಸಿದ್ರೆ ಬಾಯ್ಬುಟ್ಟು ಇಲ್ಲ ಅಂತಿದ್ರು. ಬಾಯ್ಬುಡ್ಲಿಲ್ಲ, ಅಂದ್ಮೇಲೆ ಒಪ್ಪವ್ರೆ. ನಾವು ಮನೇಲಿ ಎಲ್ಲಾ ಕೆಲ್ಸಾನೂ ಇಂಗೇ ಅಲ್ವಾ ಮಾಡೋದು? ನಿಮ್ಮಜ್ಜಿ ಒಂದಿನ ಹೂಂ ಅಂದಿದ್ದು ನಾ ಕೇಳಿಲ್ಲ, ಮನೆ ನಡೀಲಿಲ್ವಾ?

ಬರ್ತೀನಿ, ಟೈಮಾಯ್ತು.


11 ಫೆಬ್ರವರಿ 2025
ಸ್ಪಂದನಾಳ ಮೆಸೇಜು

ಮಾವ, ಸುಮ್ಮನಿದ್ರೆ ಅದು ಹೌದು ಅಲ್ಲ. ಇಲ್ಲ ಅಂತಲೂ ಅಲ್ಲ. ಸಂಶೋಧನೇಲಿ ಅದನ್ನ "ಪ್ರತಿಕ್ರಿಯೆ ಇಲ್ಲ" ಅಂತ ಬೇರೆಯಾಗೇ ಬರೀತೀವಿ. ಅದನ್ನ ನಮಗೆ ಬೇಕಾದ ಕಡೆ ಸೇರಿಸೋ ಅಧಿಕಾರ ನಮಗಿಲ್ಲ. ಅವರು ಹೇಳದೇ ಇದ್ದಿದ್ದನ್ನ ನಾವು ಹೇಳಿಸಿದಂಗೆ ಆಗತ್ತೆ.

ಅಜ್ಜಿ ಹೂಂ ಅಂದಿದ್ದು ನೀವು ಕೇಳಿಲ್ಲ. ಅಜ್ಜಿನ ಯಾರಾದ್ರೂ ಕೇಳಿದ್ದು ಕೇಳಿದೀರಾ?

ಕಾಲಂ ವಾಪಸ್ ಹಾಕಿಸಿ. ಇನ್ನೊಂದ್ಸಲ ಕೇಳಿ. ಹಾಳೆ ಎರಡಾದ್ರೂ ಪರವಾಗಿಲ್ಲ.


16 ಫೆಬ್ರವರಿ 2025, ಭಾನುವಾರ
ವಾಯ್ಸ್ ನೋಟ್, ಹೊಳೆನರಸೀಪುರ ಬಸ್‌ಸ್ಟ್ಯಾಂಡ್

ಸ್ಪಂದು. ಪೂರ್ತಿ ಕೇಳು, ಅರ್ಧಕ್ಕೆ ನಿಲ್ಲಿಸ್ಬ್ಯಾಡ.

ಕಾಲಂ ಹಾಕಿಸ್ಕಂಡು ಬಂದು ಬೆಳಗಿಂದ ಕೂತಿವ್ನಿ. ಮೊದ್ಲು ಉತ್ತರ ಕೊಟ್ಟೋರು ಯಾರು ಎತ್ತ ಅಂತ ನಾನು ಬರ್ಕೊಂಡಿಲ್ಲ, ನೀನು ಬ್ಯಾಡ ಅಂದಿದ್ಯಲ್ಲ. ಹೊಸಬ್ರನ್ನೇ ಕೇಳ್ದೆ. ಈ ಸಲ ನಾಲ್ಕ್ನೇ ಪ್ರಶ್ನೆಗೆ ಬಂದಾಗ, "ಹೌದು, ಇಲ್ಲ, ಗೊತ್ತಿಲ್ಲ, ಮೂರರಲ್ಲಿ ಯಾವ್ದಾದ್ರೂ ಅನ್ಬೌದು ಕಣಮ್ಮ" ಅಂದೆ. ಬಸ್ ನೋಡೋದು ನಿಲ್ಲಿಸಿ ನನ್ ಮುಖ ನೋಡಿದ್ರು. ಒಬ್ಬಮ್ಮ, ವಯಸ್ಸಾಗೈತೆ, ಮಡಿಲಲ್ಲಿ ಬದನೆ ಸಸಿ ಕಟ್ಕಂಡಿದ್ಲು, "ಗೊತ್ತಿಲ್ಲ ಅನ್ನಂಗೂ ಐತಾ?" ಅಂದ್ಲು. ಐತೆ ಅಂದೆ. "ಅಂಗಾರೆ ಅದ್ನೇ ಬರ್ಕೊ" ಅಂದ್ಲು. "ಹೌದು ಅಂದ್ರೆ ಸುಳ್ಳಾಯ್ತದೆ. ಇಲ್ಲ ಅಂದ್ರೆ ಮನೆ ಮರ್ಯಾದೆ. ನನ್ಗೇ ಯಾವತ್ತೂ ಯೋಚ್ನೆ ಮಾಡಕ್ಕೆ ಬುಟ್ಟಿಲ್ಲ ಕಣಪ್ಪ, ಎಂಗೇಳ್ಲಿ" ಅಂದ್ಲು. ಅಂದ್ಬುಟ್ಟು ಎದ್ದು ಓಗ್ಲಿಲ್ಲ. ಇನ್ನೂ ಒಂದು ಬಸ್ ಬುಟ್ಟು ಕೂತು ಮಾತಾಡಿದ್ಲು.

ಅವ್ಳಾದ್ಮೇಲೂ ಸುಮಾರು ಜನ ಗೊತ್ತಿಲ್ಲ ಅಂತ್ಲೇ ಬರ್ಸಿದ್ರು, ನನ್ ಪ್ರಾಕ್ಕಲ್ಪನೆ ಸುಳ್ಳಾಯ್ತು ಬುಡು. ಅದಕ್ಕೆ ಬೇಜಾರಿಲ್ಲ.

ನಾನು ಕಂಡಕ್ಟರ್ ಕಣ ಸ್ಪಂದು. "ಟಿಕೆಟ್ ಆಯ್ತೇನ್ರೀ" ಅಂದಾಗ ಸುಮ್ನೆ ಕಿಟಕಿ ಕಡೆ ಮುಖ ತಿರುಗಿಸ್ಕಂಡೋನ್ನ ಆಗೈತೆ ಅಂತ ಒಂದಿನ ಬುಟ್ಟಿವ್ನಾ? ಹೆಗಲು ಮುಟ್ಟಿ ಇನ್ನೊಂದ್ಸಲ ಕೇಳ್ತೀನಿ. ಅವ್ನು ಬಾಯ್ಬುಡೋವರ್ಗೂ ಮುಂದಿನ ಸೀಟಿಗೆ ಓಗಲ್ಲ. ಪುಟ್ಟದೊಂದು ಟಿಕೆಟ್‌ಗೆ ಅಷ್ಟು ಮಾಡೋನು, ನಿನ್ ವಿಷ್ಯದಲ್ಲಿ ಏನ್ ಮಾಡ್ದೆ? ಜನವರೀಲಿ ಒಂದ್ ಪ್ರಶ್ನೆ ಕೇಳ್ದೆ, ಅದೂ ಪ್ರಾಕ್ಕಲ್ಪನೆ ಮಧ್ಯ ತುರುಕಿ. ಹೂಂ ಅಂತೀಯಾ ಉಹೂಂ ಅಂತೀಯಾ ಅಂದೆ. ಎರಡೇ ಕಾಲಂ. ನೀನು ಖಾಲಿ ಬುಟ್ಟೆ. ನಾನು ನಿಮ್ಮಪ್ಪನ ಹತ್ರ ಓಗಿ ಹೌದು ಅಂತ ಬರ್ಸ್ದೆ. ಅವ್ನು ಅರಕಲಗೂಡಲ್ಲಿ ಬರ್ಸ್ದ. ಈಗ ಮೂರು ಊರಲ್ಲಿ ಎಲ್ರ ಬಾಯಲ್ಲೂ ನೀನು ಒಪ್ಪಿದೀಯ. ನೀನೊಬ್ಳು ಬುಟ್ಟು.

ನೆಟ್‌ವರ್ಕ್ ಅಲ್ಲ ಅಲ್ವಾ ಅದು? ಆ ಟೈಪಿಂಗ್ ಅಂತ ಬಂದು ಬಂದು ನಿಂತೋಗ್ತಿದ್ದದ್ದು.

ಈಗ ಸರಿಯಾಗಿ ಕೇಳ್ತೀನಿ. ತಡಿ, ಹಾಳೆ ತಗೋತೀನಿ, ಬಾಯಲ್ಲಿ ಹೇಳಕ್ಕೋದ್ರೆ ನಾನು ಸುತ್ತಾಡ್ಕಂಡು ಎಲ್ಲೆಲ್ಗೋ ಓಗ್ತೀನಿ. ಆಂ. "ಇದು ಯಾತಕ್ಕೆ ಅಂತ ನಿಮಗೆ ಪೂರ್ತಿ ಹೇಳಿದೀನಿ." ಇದು ನಿನ್ ಮದ್ವೆ ವಿಷ್ಯ. ಹುಡುಗ ಅನಿಲ್‌ಕುಮಾರ. ಇಪ್ಪತ್ಮೂರಕ್ಕೆ ಎಲೆ ಅಡಿಕೆ. ತಟ್ಟೆ ಎತ್ತಿ ಕೊಡೋನು ನಾನು, ನಾ ಕೊಡ್ದಿದ್ರೆ ಅದು ನಡಿಯಲ್ಲ. "ನೀವು ಬೇಡ ಅನ್ನಬಹುದು. ಮಧ್ಯದಲ್ಲಿ ಯಾವಾಗ ಬೇಕಾದ್ರೂ ಎದ್ದು ಹೋಗಬಹುದು. ಕಾರಣ ಹೇಳಬೇಕಾಗಿಲ್ಲ. ಇದರಿಂದ ನಿಮಗೆ ಏನೂ ತೊಂದರೆ ಆಗಲ್ಲ." ಕೊನೇ ಸಾಲು ಒಂದು ನಾನು ಪೂರ್ತಿ ಗ್ಯಾರಂಟಿ ಕೊಡಕ್ಕಾಗಲ್ಲ, ನಿಮ್ಮಪ್ಪ ಕೂಗಾಡ್ತಾನೆ. ಅದು ನನ್ ಪಾಲಿಗಿರ್ಲಿ.

ಹೌದು, ಇಲ್ಲ, ಗೊತ್ತಿಲ್ಲ. ಈ ಸಲ ನೀನು ಸುಮ್ಕಿದ್ರೆ ನಾನೂ ಅದನ್ನ ಎಲ್ಲಿಗೂ ಸೇರಿಸಲ್ಲ. ಆದ್ರೆ ಇನ್ನೊಂದ್ಸಲ ಕೇಳ್ತೀನಿ.


20 ಫೆಬ್ರವರಿ 2025
ಸ್ಪಂದನಾಳ ಮೆಸೇಜು

ಗೊತ್ತಿಲ್ಲ ಮಾವ.

ಇದೇ ನನ್ನ ಉತ್ತರ. ಟೈಪ್ ಮಾಡಿ ಅಳಿಸ್ತಿದ್ದಿದ್ದೂ ಇದನ್ನೇ. ಅವರು ಒಳ್ಳೆಯವರೇ ಇರಬಹುದು. ದಸರಾದಲ್ಲಿ ಬಂದಾಗ ಎಲ್ಲರೂ ಸುತ್ತ ಕೂತಿದ್ರು. ನಾನು ಕಾಫಿ ಕೊಟ್ಟೆ, ಅವರು ಸಕ್ಕರೆ ಸರಿಯಿದೆ ಅಂದ್ರು. ಅಷ್ಟೇ ನನ್ನ ಹತ್ರ ಇರೋ ದತ್ತಾಂಶ. ಅದರಿಂದ ಹೌದು ಅಂತಲೂ ಬರೆಯೋಕಾಗಲ್ಲ, ಇಲ್ಲ ಅಂತಲೂ ಬರೆಯೋಕಾಗಲ್ಲ.

ಬೇಡ ಅಂದಿದ್ರೆ ಮನೇಲಿ ಜಗಳ ಆಗ್ತಿತ್ತು, ಆದ್ರೆ ಅರ್ಥ ಆಗ್ತಿತ್ತು. ಗೊತ್ತಿಲ್ಲ ಅಂದ್ರೆ ಅಮ್ಮ "ಯಾರಾದ್ರೂ ಇದಾರಾ ಹಂಗಾದ್ರೆ" ಅಂತಾಳೆ. ಯಾರೂ ಇಲ್ಲ. ಥೀಸಿಸ್ಸಿನ ಎರಡು ಅಧ್ಯಾಯ ಬಾಕಿ ಇದೆ. ಅದನ್ನ ಇಲ್ಲೇ ಕೂತು ಮುಗಿಸಬೇಕು. ಆಮೇಲೆ ಅವರ ಜೊತೆ ನಾಲ್ಕು ಸಲ ಮಾತಾಡಬೇಕು, ಸುತ್ತ ಯಾರೂ ಇಲ್ಲದೆ. ಆಗ ಗೊತ್ತಾಗತ್ತೋ ಏನೋ.

ಇದನ್ನ ಯಾರ ಹತ್ರ ಹೇಳಬೇಕು ಅಂತ ತಿಳೀಲಿಲ್ಲ. ನೀವು ಕಾಲಂ ಹಾಕಿಸಿದ ಮೇಲೆ ಹೇಳ್ತಿದೀನಿ.


23 ಫೆಬ್ರವರಿ 2025, ಭಾನುವಾರ
ವಾಯ್ಸ್ ನೋಟ್, ಹರದನಹಳ್ಳಿ, ಹಿತ್ತಿಲಿಂದ

ಸ್ಪಂದು, ನಿಮ್ಮನೆ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ರ ನಿಂತಿವ್ನಿ. ಗುಂಡಯ್ಯನವ್ರ ಕಡೆಯೋರು ಬಂದವ್ರೆ, ಎರಡು ಕಾರು. ನಡುಮನೇಲಿ ಜಮಖಾನೆ ಹಾಸಿ ಕೂರಿಸವ್ರೆ. ನನ್ ಕೈಲಿ ತಟ್ಟೆ ಐತೆ. ಎಲೆ, ಅಡಿಕೆ, ಬಾಳೆಹಣ್ಣು, ಒಂದು ತೆಂಗಿನಕಾಯಿ. ಇಷ್ಟು ಭಾರ ಇರ್ತದೆ ಅಂತ ಗೊತ್ತಿರ್ಲಿಲ್ಲ.

ನಿಮ್ಮವ್ವಂಗೆ ಗುರುವಾರಾನೇ ಹೇಳ್ದೆ. "ಅಕ್ಕ, ಮಗು ಗೊತ್ತಿಲ್ಲ ಅಂತವ್ಳೆ" ಅಂದೆ. "ಗೊತ್ತಿಲ್ಲ ಅನ್ನೋದು ಒಂದು ಮಾತಾ?" ಅಂದ್ಲು. ಮಾತು ಕಣಕ್ಕ, ಸಂಶೋಧನೇಲಿ ಅದಕ್ಕೊಂದು ಕಾಲಮ್ಮೇ ಐತೆ ಅಂದೆ. "ನಿನ್ ಕಾಲಂಗೆ ಬೆಂಕಿ ಬೀಳ, ಭಾನುವಾರಕ್ಕೆ ಅಡುಗೆಯೋರಿಗೆ ಹೇಳ್ಬುಟ್ಟಿವ್ನಿ" ಅಂದ್ಲು. ಅಂದ್ಬುಟ್ಟು ಒಳಗೋಗಿ ಅಕ್ಕಿ ಆರಿಸ್ತಾ ಕೂತ್ಲು. ನಾನು ಹೊರಡೋ ಹೊತ್ಗೆ ಕೇಳಿದ್ಲು, "ಎರಡು ಅಧ್ಯಾಯ ಅಂದ್ರೆ ಎಷ್ಟು ದಿನ ಬೇಕಂತೆ?" ಅಂತ. ಅಷ್ಟೇ ಕೇಳಿದ್ದು. ನಾನು ಅದಕ್ಕೂ ಗೊತ್ತಿಲ್ಲ ಅಂದೆ.

ನಿಮ್ಮಪ್ಪಂಗೆ ನೆನ್ನೆ ಹೇಳ್ದೆ. ಕೂಗಾಡ್ತಾನೆ ಅಂದ್ಕಂಡಿದ್ದೆ, ಕೂಗಾಡ್ಲಿಲ್ಲ. ಆವಾಗಿಂದ ನನ್ ಜೊತೆ ಮಾತೇ ಬುಟ್ಟವ್ನೆ. ಅದನ್ನ ನಾನು ಒಪ್ಪಿಗೆ ಅಂತ ಎಣಿಸ್ಕಳಲ್ಲ, ಭಯ ಬೀಳ್ಬ್ಯಾಡ. ಬಂದೋರಿಗೆ ಫೋನ್ ಮಾಡಿ ನಿಲ್ಲಿಸು ಭಾವ ಅಂದ್ರೆ ಅದನ್ನೂ ಮಾಡ್ಲಿಲ್ಲ. ಮುಖ ನೋಡಿ ಹೇಳ್ಬೇಕಾದ್ದು ಫೋನಲ್ಲಿ ಎಂಗೇಳಾನ ಅಂತ ಇರ್ಬೌದು. ನೀನು ತಂದ ಸಂಬಂಧ, ನೀನೇ ಹೇಳು ಅಂತಾನೂ ಇರ್ಬೌದು. ಕೇಳ್ಬೇಕು ಅವ್ನನ್ನ.

ಇನ್ನೊಂದು ಹೇಳ್ಬೇಕು. ಈಗ ಹುಡುಗ ಕೈ ತೊಳಿಯಕ್ಕೆ ಇಲ್ಲಿಗೆ ಬಂದಿದ್ದ, ಅನಿಲ್. ನಾನೇ ತಂಬಿಗೇಲಿ ನೀರು ಹುಯ್ದೆ. "ಅವ್ರಿಗೆ ಓದು ಮುಗಿಸೋದೈತಂತೆ ಸಾ, ನಿಜಾನಾ?" ಅಂದ. ನಿಜ ಅಂದೆ. "ಈಗ ಒಳಗೆ ಯಾರೋ ಅಂದಿದ್ದು ಕಿವಿಗೆ ಬಿತ್ತು, ನನ್ಗೆ ಯಾರೂ ಹೇಳಿರ್ಲಿಲ್ಲ" ಅಂದ. ಕೈ ಒರೆಸ್ಕಂಡ, ತುಂಬಾ ಹೊತ್ತು ಒರೆಸ್ಕಂಡ. "ನನ್ನೂ ಈ ಸಂಬಂಧ ಒಪ್ಗೇನಾ ಅಂತ ಕೇಳಿದ್ರು ಸಾ, ನಾನು ತಲೆ ಬಗ್ಗಿಸ್ದೆ, ಆಯ್ತು ಅಂದ್ಬುಟ್ರು" ಅಂದ. ಆ ಮಾತು ಕೇಳಿ ನಂಗೆ ನಗು ಬಂತು, ಅವ್ನಿಗೂ ಬಂತು. ಇಬ್ರದೂ ಖಾಲಿ ಹಾಳೆ ಇಟ್ಕಂಡು ನಾವು ಅಡುಗೆಯೋರಿಗೆ ಹೇಳ್ಬುಟ್ಟಿದೀವಿ ಕಣ. ನಿನ್ ನಂಬರ್ ಕೇಳ್ದ. ಕೊಡ್ಲಿಲ್ಲ ನಾನು. ಅವ್ಳನ್ನ ಕೇಳಿ ಕೊಡ್ತೀನಿ ಅಂದೆ. ಅದಕ್ಕೂ ಮೂರು ಕಾಲಂ ಐತೆ, ನಿಧಾನಕ್ಕೆ ಹೇಳು.

ಒಳಗೆ ಏನ್ ಹೇಳ್ಬೇಕು ಅಂತ ದಾರೀಲೆಲ್ಲಾ ಯೋಚ್ನೆ ಮಾಡ್ಕಂಡು ಬಂದೆ. ನಾನು ಮಾತಾಡಕ್ಕೆ ನಿಂತ್ರೆ ಶಾಂತಿಗ್ರಾಮದಿಂದ ಶುರು ಮಾಡಿ ಹಾಸನ ಸುತ್ಕಂಡು ಬತ್ತೀನಿ, ಅಷ್ಟೊತ್ಗೆ ಯಾರಾದ್ರೂ ತಟ್ಟೆ ಈಸ್ಕಂಡು ಮುಗಿಸ್ಬುಡ್ತಾರೆ. ಅದಕ್ಕೇ ಒಂದೇ ಮಾತು ಇಟ್ಕಂಡಿವ್ನಿ. "ನಮ್ಮ ಹುಡ್ಗಿ ಇನ್ನೂ ಗೊತ್ತಿಲ್ಲ ಅಂತವ್ಳೆ. ಗೊತ್ತಾಗೋವರ್ಗೂ ಊಟಕ್ಕೆ ಮಾತ್ರ ಏಳಿ." ಬೈದ್ರೆ ಬೈಲಿ. ಎದ್ದು ಓದ್ರೆ...

ಯಾರದು? ಆಂ? ಕೂಗ್ತಾವ್ರೆ, ಗುಂಡಯ್ಯನವ್ರ ದನಿ. "ಎಲ್ಲಿ ಸೋದರಮಾವ, ತಟ್ಟೆ ಬರ್ಲಿ" ಅಂತಾವ್ರೆ. ಬಂದೆ ಸಾಮಿ, ಬಂದೆ.

ಸ್ಪಂದು, ತಟ್ಟೇನ ಇಲ್ಲೇ ಒಗೆಯೋ ಕಲ್ಲಿನ ಮೇಲೆ ಮಡಗ್ತಾ ಇವ್ನಿ. ಬರೀ ಕೈಲಿ ಓಗ್ತೀನಿ. ಫೋನ್ ಇಡ್ತೀನಿ.